ಮೀಸೆ ತೆಗೆಸಿದ ದೇಶ

ಸುನಿಲ ಬ್ಲೇಡು ಹಿಡಿದು ಯುವರಾಜನ ಎಡಗಡೆಯ ಮೀಸೆಯನ್ನು ಪೂರ್ತಿ ಇಳಿಸಿದ್ದ. ಬಲಗಡೆಗೆ ನೀರು ಹಚ್ಚುವಷ್ಟರಲ್ಲಿ ಬೀದಿಯ ತಿರುವಿನಲ್ಲಿ ಆಂಬುಲೆನ್ಸ್ ಬಂದು ನಿಂತಿತು. ಅವನು ಕೈ ತಡೆದ. ಶಾಮಿಯಾನದ ಕೆಳಗೆ ಕೂತಿದ್ದವರೆಲ್ಲ ಆ ಕಡೆ ತಿರುಗಿದರು.

“ಮುಕ್ತಿವಾಹನಕ್ಕೆ ಅಲ್ವಾ ಹೇಳಿದ್ದು? ಇದ್ಯಾವ್ದು ಮಾರಾಯ?”

“ಅದೇ ಇರ್ಬೇಕು. ಬಣ್ಣ ಬದಲಾಯ್ಸಿದ್ದಾರೆ.”

ಬಣ್ಣ ಬದಲಾಗಿರಲಿಲ್ಲ. ಹಿಂದಿನ ಬಾಗಿಲಿನಿಂದ ಮೊದಲು ಒಬ್ಬ ಕಾನ್‌ಸ್ಟೇಬಲ್ ಇಳಿದ. ಅವನ ಹಿಂದೆ ಸುಶ್ಮಿತಾ ಇಳಿದಳು. ಸತ್ತ ಮೂರ್ತಪ್ಪನ ಮಗಳು, ಯುವರಾಜನ ಅಕ್ಕ. ಶಿವಮೊಗ್ಗದ ಬಟ್ಟೆ ಅಂಗಡಿಯೊಂದರಲ್ಲಿ ಸೀರೆ ಬಿಚ್ಚಿ ತೋರಿಸುವ ಕೆಲಸ ಅವಳದು. ನಿನ್ನೆ ಸಂಜೆ ಸುದ್ದಿ ತಿಳಿದ ಕೂಡಲೇ ಬಂದವಳು ಬೆಳಿಗ್ಗೆ ಯಾರಿಗೂ ಹೇಳದೆ ಎದ್ದು ಹೋಗಿದ್ದಳು. ಹೂವು ತರಲು ಹೋಗಿರಬೇಕೆಂದು ಮನೆಯವರು ಅಂದುಕೊಂಡಿದ್ದರು.

“ಅಪ್ಪನ್ನ ಈಗ ಸುಡಂಗಿಲ್ಲ,” ಅಂದಳು. “ಠಾಣೇಲಿ ಕಂಪ್ಲೇಂಟ್ ಕೊಟ್ಟಿದ್ದೀನಿ. ಪೋಸ್ಟ್‌ಮಾರ್ಟಂ ಆಗ್ಬೇಕು.”

ಮೂರ್ತಪ್ಪನ ತಮ್ಮ ಭೂತಪ್ಪ ಚಟ್ಟದ ಹಗ್ಗ ಬಿಗಿಯುತ್ತಿದ್ದವನು ಎದ್ದು ನಿಂತ.

“ಏನ್ ಮಾತಾಡ್ತಿದ್ದೀಯ ಮಾರಾಯ್ತಿ? ಯಾರು ಹೊಡೆದ್ರು, ಯಾರು ಕಡಿದ್ರು? ಮನೇಲಿ ಚಾಪೆ ಮೇಲೆ ಸತ್ತಿದ್ದಾನೆ ನಮ್ಮಣ್ಣ. ಟಿಬಿ. ಬೀದಿಗೆಲ್ಲ ಗೊತ್ತು.”

“ಟಿಬಿ ಅಲ್ಲ ಚಿಕ್ಕಪ್ಪ. ಕಲ್ಲಿನ ಧೂಳು. ನಿಮಗೂ ಗೊತ್ತು.”

ಭೂತಪ್ಪ ಏನೋ ಹೇಳಲು ಬಾಯಿ ತೆರೆದ. ಮಾತಿಗೆ ಮೊದಲು ಕೆಮ್ಮು ಬಂತು. ಗೋಡೆಗೆ ಕೈ ಕೊಟ್ಟು, ಅದು ಮುಗಿಯುವವರೆಗೆ ಬಗ್ಗಿ ನಿಂತ.

“ನಾನು ಮುಗಿಸ್ಲೋ ಬೇಡ್ವೋ?” ಸುನಿಲ ಕೇಳಿದ. ಅವನು ಬ್ಲೇಡನ್ನು ಒರೆಸಿ ಡಬ್ಬಿಗೆ ಹಾಕಿದ. “ಹೆಣ ಯಾವಾಗ ಏಳ್ತದೆ ಅಂತ ಗೊತ್ತಾಗ್ದೆ ಮೀಸೆ ತೆಗೆಯಂಗಿಲ್ಲ. ಇದೇನ್ ಸಲೂನ್ ಶೇವಿಂಗಾ? ಆಮೇಲೆ ಹೆಚ್ಚುಕಮ್ಮಿ ಆದ್ರೆ ನನ್ನ ಬಯ್ತೀರಿ.”

“ಅರ್ಧ ಆಗೈತಲ್ಲೋ.”

“ಅರ್ಧ ಆಗಿದ್ದು ನನ್ನ ತಪ್ಪಲ್ಲಣ್ಣ.”

ಯುವರಾಜ ಕೈಯಿಂದ ಬಾಯಿ ಮುಚ್ಚಿಕೊಂಡು ಕುಳಿತ.

ಮುಂದಿನ ಸಾಲಿನ ಕುರ್ಚಿಯಲ್ಲಿ ಕಂಟ್ರಾಕ್ಟರ್ ಶಿವಪ್ರಸಾದ್ ಕೂತಿದ್ದ. ಚಟ್ಟದ ಮೇಲಿನ ದೊಡ್ಡ ಸುಗಂಧರಾಜದ ಹಾರ ಅವನದು. ಸ್ಮಶಾನದಲ್ಲಿ ಸೌದೆ ಇಳಿಸಿದ್ದೂ ಅವನೇ. ಮನೆಯವರ ಅಳು ನಿಲ್ಲುವ ಮೊದಲೇ ಸೌದೆಯ ಲಾರಿ ಹೋಗಿತ್ತು. ಅವನು ಸುಶ್ಮಿತಾಳ ಕಡೆ ನೋಡಲಿಲ್ಲ. ಹೆಣದ ತಲೆಯ ಬಳಿ ಕೂತಿದ್ದ ಜಲಜಮ್ಮನ ಕಡೆ ನೋಡಿ, ಮೆತ್ತಗೆ, “ಜಲಜಕ್ಕ, ಮಗಳಿಗೆ ದುಃಖ ಜಾಸ್ತಿ ಆಗಿದೆ. ಒಳಗೆ ಕರ್ಕೊಂಡ್ಹೋಗಿ,” ಅಂದ.

*

ಮೂರ್ತಪ್ಪ ಹದಿನಾಲ್ಕು ದೇಶ ನೋಡಿದ್ದ. ಭದ್ರಾವತಿಯ ಜನ್ನಾಪುರದ ಆ ಬೀದಿಯಲ್ಲಿ ವಿಮಾನ ಹತ್ತಿದ ಮೊದಲ ಮನುಷ್ಯ ಅವನೇ. ಅವನು ಕುಲುಮೆ ಮೇಸ್ತ್ರಿ. ಕಬ್ಬಿಣ, ತಾಮ್ರ, ಗಾಜು ಕರಗಿಸುವ ದೊಡ್ಡ ಕುಲುಮೆಗಳ ಒಳಗೋಡೆಗೆ ಬೆಂಕಿ ತಡೆಯುವ ಇಟ್ಟಿಗೆ ಕಟ್ಟುವವನು. ಆ ಇಟ್ಟಿಗೆ ಕೆಲವು ವರ್ಷಕ್ಕೆ ಸವೆದುಹೋಗುತ್ತದೆ. ಆಗ ಕುಲುಮೆ ಆರಿಸಿ, ಒಳಗೆ ಇಳಿದು, ಹಳೆಯದನ್ನು ಒಡೆದು ತೆಗೆದು, ಹೊಸ ಇಟ್ಟಿಗೆಯನ್ನು ಮಿಷನ್‌ನಲ್ಲಿ ಕೊಯ್ದು ಒಂದರ ಪಕ್ಕ ಒಂದು ಕೂರಿಸಬೇಕು. ಎರಡು ಮೂರು ತಿಂಗಳ ಕೆಲಸ. ಮುಗಿದರೆ ಇನ್ನೊಂದು ದೇಶ.

ಭದ್ರಾವತಿಯಲ್ಲಿ ಕೆಲಸ ಕಲಿತ ಕೈಗಳಿಗೆ ಹೊರಗೆ ಬೆಲೆ ಇದೆ ಎಂದು ಕಂಡುಕೊಂಡವನು ಶಿವಪ್ರಸಾದ್. ಊರಿನಲ್ಲಿ ಕೆಲಸ ಕಡಿಮೆಯಾದಂತೆ ಅವನ ಕಂಟ್ರಾಕ್ಟು ಬೆಳೆಯಿತು. ಮೇಸ್ತ್ರಿಗಳನ್ನು ಗುಂಪು ಕಟ್ಟಿ ಕಳಿಸಿದ. ಭೂತಪ್ಪನೂ ಆ ಗುಂಪಿನಲ್ಲಿದ್ದ. ಅವರು ದೇಶ ದೇಶದ ಕುಲುಮೆಗೆ ಇಳಿದರು, ಇವನು ಶಿವಮೊಗ್ಗದ ರವೀಂದ್ರನಗರದಲ್ಲಿ ಮೂರು ಅಂತಸ್ತು ಏರಿದ.

ರಜೆಗೆ ಬಂದಾಗ ಮೂರ್ತಪ್ಪನ ಜಗಲಿಯ ಮೇಲೆ ಸಭೆ ಸೇರುತ್ತಿತ್ತು.

“ಅಣ್ಣ, ಎಲ್ಲಕ್ಕಿಂತ ಚೆನ್ನಾಗಿರೋ ದೇಶ ಯಾವ್ದು?”

“ಒಮಾನು,” ಅನ್ನುತ್ತಿದ್ದ ಮೂರ್ತಪ್ಪ. “ಅಲ್ಲಿ ಬಿಸಿಲು ಏರೋ ಹೊತ್ತಿಗೆ ಎಲ್ರಿಗೂ ಒಂದೊಂದು ಪ್ಯಾಕೆಟ್ ಹುಳಿ ಮಜ್ಜಿಗೆ ಕೊಡ್ತಿದ್ರು. ಫೋರ್‌ಮನ್‌ಗೂ ಅದೇ, ನಮಗೂ ಅದೇ.”

ಮುಂದಿನ ಸಲ ಕೇಳಿದರೆ ಬೇರೆ ದೇಶ. “ಜಾಂಬಿಯಾ ಕಣೋ. ಮಣ್ಣು ನಮ್ ಥರಾನೇ ಕೆಂಪು. ಜೋಳದ ಹಿಟ್ಟಲ್ಲಿ ಬಿಳೀ ಮುದ್ದೆ ಮಾಡ್ತಾರೆ. ಅಲ್ಲಿ ಯಾರಾದ್ರೂ ಸತ್ರೆ ಬೀದಿ ಜನ ಚಾಪೆ ತಗೊಂಡು ಬಂದು ಸತ್ತೋರ ಮನೆ ಮುಂದೆ ಮಲಗ್ತಾರೆ. ಮನೆಯೋರನ್ನ ಒಂಟಿ ಬಿಡಲ್ಲ.”

ಕಜಕಿಸ್ತಾನದಲ್ಲಿ ಕ್ಯಾಂಟೀನಿನ ಮುದುಕಿಯೊಬ್ಬಳು ಅವನ ಸುಟ್ಟ ಕೈ ನೋಡಿ, ಕೆಲಸ ಮುಗಿಯುವವರೆಗೂ ದಿನಾ ತನ್ನ ಮನೆಯ ಗಿಡದ ಸೇಬು ತಂದುಕೊಟ್ಟಿದ್ದಳು. ಭಾಷೆ ಗೊತ್ತಿರಲಿಲ್ಲ. ಸೇಬನ್ನು ಸೆರಗಿನಂಥ ಬಟ್ಟೆಯಲ್ಲಿ ಒರೆಸಿ ಅಂಗೈ ಮೇಲೆ ಇಟ್ಟು ಹೋಗುತ್ತಿದ್ದಳಂತೆ.

“ಇವೆಲ್ಲ ಸರಿ ಮಾರಾಯ. ದೊಡ್ಡ ಬಿಲ್ಡಿಂಗು, ಬೀಚು, ಅಂಥದ್ದೇನೂ ನೋಡಿಲ್ವಾ?”

“ಕುಲುಮೆ ಒಳಗಿಂದ ಏನು ಕಾಣ್ತದೆ? ಒಳಗಿಂದ ಎಲ್ಲ ದೇಶಾನೂ ದುಂಡಗೆ, ಕಪ್ಪಗೆ ಇರ್ತದೆ.”

ನಗು ಏಳುತ್ತಿತ್ತು. ಕೊನೆಯ ಸಲ ವಾಪಸು ಬಂದ ಮೇಲೆ ಯಾರಾದರೂ ದೂರ ನಿಂತು ಬೇಕೆಂದೇ ಕೆಣಕುತ್ತಿದ್ದರು: “ಮೀಸೆ ತೆಗೆಸಿದ ದೇಶದ್ದು ಹೇಳಣ್ಣ.”

ಅದು ಫಿನ್ಲೆಂಡು. ಅವನು ಕೊನೆಗೆ ನೋಡಿದ ದೇಶ. ಅಲ್ಲಿಂದ ಬರುವಾಗ ಮೂರ್ತಪ್ಪನ ಮುಖದ ಮೇಲೆ ಮೀಸೆ ಇರಲಿಲ್ಲ. ಅವನ ತಾಯಿ ಮಾಸ್ತಮ್ಮ ಜಗಲಿಯಲ್ಲಿ ಅಕ್ಕಿ ಆರಿಸುತ್ತಿದ್ದಳು. ಆಟೋ ಇಳಿದ ಮಗನನ್ನು ನೋಡಿ ಮೊರ ಎಸೆದಳು. ಅಕ್ಕಿ ಅಂಗಳದ ತುಂಬ ಹರಡಿತು.

“ನಾನಿನ್ನೂ ಬದುಕಿದ್ದೀನಿ ಕಣೋ. ಯಾರು ಸತ್ರು ಅಂತ ಮೀಸೆ ತೆಗೆಸ್ಕೊಂಡು ಬಂದೆ?”

“ಅಲ್ಲಿ ಕಾನೂನು ಕಣವ್ವ. ಮೀಸೆ ಇದ್ರೆ ಒಳಗೆ ಬಿಡಲ್ಲ.”

“ಯಾವ ಮನೆಹಾಳ ದೇಶನೋ ಅದು.”

ಎರಡು ದಿನ ಅವಳು ಮಗನ ಮುಖ ನೋಡಲಿಲ್ಲ. ಬೀದಿ ತಿಂಗಳುಗಟ್ಟಲೆ ನಕ್ಕಿತು. ಮೂರ್ತಪ್ಪ ಮಾತ್ರ ಎಂದೂ ಆ ದೇಶವನ್ನು ಬಯ್ಯಲಿಲ್ಲ. ಒತ್ತಾಯ ಮಾಡಿ ಕೇಳಿದರೆ, ತನಗೆ ಎಲ್ಲಕ್ಕಿಂತ ಇಷ್ಟವಾದ ದೇಶ ಅದೇ ಅನ್ನುತ್ತಿದ್ದ. ಅಂಥ ಕಾನೂನು ಯಾಕೆ ಮಾಡಿದ್ದಾರೆಂದು ಯಾರೂ ಕೇಳಲಿಲ್ಲ. ಮುಂದೆ ಮಾಸ್ತಮ್ಮ ತೀರಿಕೊಂಡಾಗ ಅವನು ಎರಡನೇ ಸಲ ಮೀಸೆ ತೆಗೆಸಿದ. ಆಗ ಯಾರೂ ನಗಲಿಲ್ಲ.

*

“ಯಜಮಾನ್ರ ಹೆಂಡ್ತಿ ನೀವೇ ಏನಮ್ಮ?” ಕಾನ್‌ಸ್ಟೇಬಲ್ ಜಲಜಮ್ಮನ ಮುಂದೆ ಬಂದು ನಿಂತ. “ಮಗಳು ಬರೆದು ಕೊಟ್ಟಿದ್ದಾರೆ. ಆದ್ರೂ ನಿಮ್ಮ ಬಾಯಿಂದ ಒಂದು ಮಾತು ಬರ್ಲಿ. ಆಮೇಲೆ ಗಲಾಟೆ ಬೇಡ.”

“ಅವಳೇನು ಹೇಳ್ತಾಳೆ?” ಭೂತಪ್ಪ ನಡುವೆ ಬಂದ. “ಬದುಕಿದ್ದಾಗ ಬೆಂದ, ಸತ್ತ ಮೇಲಾದ್ರೂ ಮೈ ಇಡಿಯಾಗಿರ್ಲಿ. ಕುಯ್ದ ಹೆಣನ ಸುಡೋದು ಹೆಂಗೆ?”

ಒಬ್ಬಳು ಮುದುಕಿ ಹೌದು ಹೌದು ಎಂದು ಅಳಲು ಶುರುಮಾಡಿದಳು. ಶಿವಪ್ರಸಾದ್ ಕುರ್ಚಿಯಿಂದ ಎದ್ದು ಬಂದು ಜಲಜಮ್ಮನ ಪಕ್ಕದಲ್ಲಿ, ನೆಲದ ಮೇಲೆಯೇ ಕುಕ್ಕರಗಾಲಿನಲ್ಲಿ ಕುಳಿತ.

“ಅಕ್ಕ, ಮೂರ್ತಪ್ಪ ನನಗೆ ಅಣ್ಣ ಇದ್ದಂಗೆ. ಟಿಬಿ ಅಂತ ಡಾಕ್ಟ್ರೇ ಹೇಳಿದ್ದು, ನಾನೇ ಕರ್ಕೊಂಡು ಹೋಗಿದ್ದೆ. ಮಾತ್ರೆ ನಾನೇ ತರ್ಸಿ ಕೊಟ್ಟೆ. ಈಗ ಕೇಸು ಗೀಸು ಅಂತಾದ್ರೆ ಯುವರಾಜನ ವೀಸಾ ನಿಂತೋಗ್ತದೆ. ತಿಥಿ ಮುಗೀಲಿ, ಆಮೇಲೆ ಹೊರಡ್ಲಿ ಅಂತ ಅವನ ಟಿಕೆಟ್ ಮುಂದಕ್ಕೆ ಹಾಕ್ಸಿದ್ದೀನಿ. ಮಗನ ದಾರಿ ನೀವೇ ಮುಚ್ಚಬೇಡಿ.”

“ಅವನು ಹೋಗೋದಿಲ್ಲ,” ಅಂದಳು ಸುಶ್ಮಿತಾ.

“ಅದನ್ನ ಹೇಳಕ್ಕೆ ನೀನ್ಯಾರೆ?” ಯುವರಾಜ ಬಾಯಿಯ ಮೇಲಿನ ಕೈ ತೆಗೆದ. ಅರ್ಧ ಮೀಸೆಯ ಮುಖದಲ್ಲಿ ಸಿಟ್ಟು ಕೂಡ ಅರ್ಧವೇ ಕಂಡಿತು. “ಊರಲ್ಲಿ ಏನಿದೆ ಅಂತ ಇರ್ಲಿ? ಗೂಡ್ಸ್ ಆಟೋ ಓಡಿಸ್ಲಾ? ನನ್ನ ಅನ್ನಕ್ಕೆ ಕಲ್ಲು ಹಾಕಬೇಡ ಅಕ್ಕ.”

“ಅಪ್ಪ ಹೇಳಿದ್ದು ನೀನೂ ಕೇಳಿದ್ದೀಯ.”

“ಕೊನೆಗಾಲದಲ್ಲಿ ಏನೇನೋ ಹೇಳ್ತಾರೆ. ಟಿಬಿ ತಲೆಗೆ ಏರಿತ್ತು.”

ಜಲಜಮ್ಮ ಯಾರ ಕಡೆಯೂ ನೋಡುತ್ತಿರಲಿಲ್ಲ. ಚಟ್ಟದ ಪಕ್ಕದಲ್ಲಿದ್ದ ಸಿಮೆಂಟ್ ಚೀಲ ನೋಡುತ್ತಿದ್ದಳು. ಸತ್ತವರು ಬಳಸಿದ ಚಾಪೆ, ಕಂಬಳಿ, ತಟ್ಟೆ, ಲೋಟ ಮನೆಯಲ್ಲಿ ಉಳಿಯಬಾರದು, ಹೆಣದ ಜೊತೆಗೆ ಸ್ಮಶಾನಕ್ಕೆ ಹೋಗಬೇಕು. ಬೆಳಿಗ್ಗೆ ಭೂತಪ್ಪ ಎಲ್ಲವನ್ನೂ ಆ ಚೀಲಕ್ಕೆ ತುಂಬಿ ಬಾಯಿ ಕಟ್ಟಿದ್ದ. ಲೋಟದ ಅಂಚು ಚೀಲದೊಳಗಿಂದ ದುಂಡಗೆ ಉಬ್ಬಿ ಕಾಣುತ್ತಿತ್ತು.

*

ಆ ಲೋಟಕ್ಕೆ ಕೆಂಪು ದಾರ ಕಟ್ಟಿದವಳು ಅವಳೇ.

ಫಿನ್ಲೆಂಡಿನಿಂದ ಬಂದ ಮೇಲೆ ಶಿವಪ್ರಸಾದ್ ಮೂರ್ತಪ್ಪನನ್ನು ಕಾರಿನಲ್ಲಿ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ, ಸಂಜೆ ಮಾತ್ರೆಗಳ ಜೊತೆ ಬಿಟ್ಟುಹೋದ. ಟಿಬಿ, ಅಂಟುರೋಗ, ಮನೆಯಲ್ಲಿ ಹುಷಾರು ಅಂದ. ಅವಳು ಹುಷಾರಾದಳು. ಹಿತ್ತಲಿನ ಶೀಟಿನ ಕೋಣೆ ಗುಡಿಸಿ ಚಾಪೆ ಹಾಸಿದಳು. ತಟ್ಟೆ, ಲೋಟ ಬೇರೆ ಮಾಡಿದಳು. ಗೊತ್ತಿಲ್ಲದೆ ಯಾರೂ ಅದರಲ್ಲಿ ಕುಡಿಯಬಾರದೆಂದು ಲೋಟಕ್ಕೆ ದಾರ ಕಟ್ಟಿದಳು. ನೀರನ್ನು ಮೇಲಿನಿಂದ ಹೊಯ್ಯುತ್ತಿದ್ದಳು, ತನ್ನ ಚೊಂಬು ಅದಕ್ಕೆ ತಾಗದಂತೆ.

ಸುಶ್ಮಿತಾಳ ಮಗಳು ಸಮತಾ ಹುಟ್ಟಿದ್ದು ಆಮೇಲೆ. ಶಿವಮೊಗ್ಗದಿಂದ ಬಂದಾಗ ಅವಳನ್ನು ಹಿತ್ತಲ ಬಾಗಿಲಲ್ಲೇ ನಿಲ್ಲಿಸುತ್ತಿದ್ದರು. ಮೂರ್ತಪ್ಪ ಕೋಣೆಯ ಹೊಸ್ತಿಲಲ್ಲಿ ಕೂತು, ಬಾವಿಕಟ್ಟೆಯ ಈಚೆಯಿಂದಲೇ ಅವಳಿಗೆ ಜಾಂಬಿಯಾದ ಹುತ್ತಗಳ ಕತೆ ಹೇಳುತ್ತಿದ್ದ. ಉಸಿರು ಕಡಿಮೆಯಾದ ಹಾಗೆ ಕತೆ ಚಿಕ್ಕದಾಯಿತು. ಕೊನೆಗೆ ಕೈ ಬೀಸುವುದಷ್ಟೇ ಉಳಿಯಿತು. ಆರು ವರ್ಷದಲ್ಲಿ ಮಗು ಒಮ್ಮೆಯೂ ತಾತನ ಮೈ ಮುಟ್ಟಲಿಲ್ಲ.

ಹೋದ ವಾರ ಯುವರಾಜ ಹಿತ್ತಲಿಗೆ ಬಂದು ಹೇಳಿದ್ದ: “ಅಪ್ಪ, ನಂದೂ ಆಯ್ತು. ಇಂಡೋನೇಷ್ಯಾ. ಗಾಜಿನ ಕುಲುಮೆ. ಶಿವಪ್ರಸಾದ್ ಸಾರ್ ಪಾಸ್‌ಪೋರ್ಟ್ ಇಸ್ಕೊಂಡ್ರು.”

ಮೂರ್ತಪ್ಪ ಗೋಡೆ ಹಿಡಿದು ಎದ್ದು ಕೂತ. ಅಪ್ಪನನ್ನು ನೋಡಲು ಬಂದಿದ್ದ ಸುಶ್ಮಿತಾ ಬಾಗಿಲಲ್ಲಿದ್ದಳು. ಜಲಜಮ್ಮ ಬಾವಿಕಟ್ಟೆಯಲ್ಲಿ ಅವನ ತಟ್ಟೆ, ಲೋಟ ಬೇರೆ ಉಜ್ಜುತ್ತಿದ್ದಳು.

“ಹೋಗ್ಬೇಡ,” ಅಂದ. ಉಸಿರು ಎಳೆದುಕೊಂಡ. “ನಂದು ಟಿಬಿ ಅಲ್ಲ.”

ಆಮೇಲೆ ಅವನು ಮೀಸೆಯ ಕತೆ ಹೇಳಿದ. ಎರಡು ಮಾತಿಗೊಂದು ಸಲ ನಿಂತು, ತಲೆ ತಗ್ಗಿಸಿ, ಮತ್ತೆ ಎತ್ತಿ.

“ಅಲ್ಲಿ ಕೆಲಸಕ್ಕೆ ಇಳಿಯೋ ಮುಂಚೆ ಒಬ್ಬ ಹೆಂಗಸು ಬಂದ್ಲು. ರಬ್ಬರ್ ಮಾಸ್ಕು, ಮುಖಕ್ಕೆ ಅಂಟೋದು. ಹಾಕಿ ನೋಡಿದ್ಲು. ಮೀಸೆ ಇದ್ರೆ ಸಂದೀಲಿ ಧೂಳು ನುಗ್ತದೆ, ತೆಗೀರಿ ಅಂದ್ಲು. ನಮ್ಮವ್ವ ಬದುಕಿದ್ದಾಳೆ, ತೆಗೆಯಂಗಿಲ್ಲ ಅಂದೆ. ಅವಳಿಗೆ ಅರ್ಥ ಆಗ್ಲಿಲ್ಲ. ನೀನೂ ಬದುಕ್ಬೇಕಲ್ಲ ಅಂದ್ಲಂತೆ. ಜೊತೆಗಿದ್ದೋನು ಹಿಂದೀಲಿ ಹೇಳ್ದ.” ಗೋಡೆಗೆ ಒರಗಿ ಉಸಿರು ತುಂಬಿಕೊಂಡ. “ಅಷ್ಟು ದೇಶ ತಿರುಗಿದ್ನಲ್ಲ. ನನ್ನ ಮೂಗಿನೊಳಗೆ ಏನು ಹೋಗ್ತದೆ ಅಂತ ಅದುವರೆಗೂ ಯಾರೂ ಕೇಳಿರ್ಲಿಲ್ಲ. ಶಿವಪ್ರಸಾದ ಟವೆಲ್ ಕೊಡ್ತಿದ್ದ, ಕಟ್ಕೊಳ್ಳಿ ಅಂತ.”

“ಆಮೇಲೆ?” ಅಂದಳು ಸುಶ್ಮಿತಾ.

“ಎಕ್ಸ್‌ರೇ ತೆಗೆದ್ರು. ಎದೆ ತುಂಬ ನುಚ್ಚಕ್ಕಿ ಚೆಲ್ಲಿದಂಗೆ ಬೆಳ್ಳಗೆ. ರೋಗದ ಹುಳ ಅಲ್ಲ, ಕಲ್ಲು ಅಂದ್ರು. ಇನ್ನು ಧೂಳಿಗೆ ಹೋಗ್ಬೇಡ ಅಂತ ವಾಪಸ್ ಕಳಿಸಿದ್ರು.”

“ಮತ್ಯಾಕಪ್ಪ ಟಿಬಿ ಅಂದ್ರಿ?”

“ಕಲ್ಲು ಅಂದ್ರೆ ಮುಗೀತು. ಯಾವನೂ ಕೆಲಸಕ್ಕೆ ಕರೆಯಲ್ಲ. ಟಿಬಿ ಆದ್ರೆ ವಾಸಿ ಆಗ್ತದೆ, ವಾಸಿ ಆದ್ಮೇಲೆ ಮತ್ತೆ ಕಳಿಸ್ತೀನಿ ಅಂದ ಶಿವಪ್ರಸಾದ. ಯಾರ ಮುಂದೂ ಕಲ್ಲು ಅನ್ಬೇಡ ಅಂದ. ನಾನೂ ಹೂಂ ಅಂದೆ.” ಅವನು ಮಗನ ಕಡೆ ನೋಡಿದ. “ಟಿಬಿನೇ ಇರ್ಬೋದು ಅಂತ ನಂಬಿದ್ದೆ ಕಣೋ. ನಂಬ್ದಿದ್ರೆ ಇಲ್ಲಿ ಮಲಗಕ್ಕೆ ಆಗ್ತಿರ್ಲಿಲ್ಲ.”

ಯುವರಾಜ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದ. ಬಾವಿಕಟ್ಟೆಯಲ್ಲಿ ಜಲಜಮ್ಮನ ಕೈ ನಿಂತುಹೋಗಿತ್ತು. ಅವಳು ಲೋಟ ತೊಳೆದು, ದಾರದಲ್ಲಿ ನಿಂತ ನೀರು ಹಿಂಡಿ, ಎಂದಿನಂತೆ ಬೇರೆಯೇ ಬೋರಲು ಹಾಕಿದಳು. ಈ ಮಾತು ನಿಜವಾದರೆ ಆರು ವರ್ಷ ತಾನು ಮಾಡಿದ್ದೇನು ಎಂಬ ಲೆಕ್ಕ ಅವಳಿಗೆ ಬೇಡವಾಗಿತ್ತು. ನಿಜವಲ್ಲ ಅಂದುಕೊಂಡೇ ವಾರ ಕಳೆದಳು. ಅಷ್ಟರಲ್ಲಿ ಅವನು ಸತ್ತ.

*

“ಹೇಳಿ ಅಮ್ಮ,” ಅಂದ ಕಾನ್‌ಸ್ಟೇಬಲ್.

ಜಲಜಮ್ಮ ಎದ್ದು ನಿಂತಳು. “ತಗೊಂಡ್ಹೋಗ್ರಿ.”

“ಅತ್ತಿಗೆ,” ಅಂದ ಭೂತಪ್ಪ.

“ತಗೊಂಡ್ಹೋಗ್ಲಿ ಭೂತಪ್ಪ. ನಂಗೆ ಗೊತ್ತಾಗ್ಬೇಕು.”

“ಏನು ಗೊತ್ತಾಗ್ಬೇಕು ಜಲಜ?” ಅಳುತ್ತಿದ್ದ ಮುದುಕಿ ಕೇಳಿದಳು. ಜಲಜಮ್ಮ ಹೆಣದ ಎದೆಯ ಮೇಲಿದ್ದ ಸುಗಂಧರಾಜದ ಹಾರ ತೆಗೆದು ಶಿವಪ್ರಸಾದನ ಕುರ್ಚಿಯ ಮೇಲೆ ಇಟ್ಟಳು.

ಎತ್ತುವವರು ಹೆಣದ ಜೊತೆ ಚೀಲವನ್ನೂ ಅಭ್ಯಾಸಬಲದಿಂದ ಆಂಬುಲೆನ್ಸಿಗೆ ಹಾಕಿದರು. ಶಿವಪ್ರಸಾದನ ಕಾರು ಶಿವಮೊಗ್ಗದವರೆಗೂ ಹಿಂದೆಯೇ ಬಂತು. ಆಸ್ಪತ್ರೆಯ ಕಡೆ ತಿರುಗಬೇಕಾದಲ್ಲಿ ತಿರುಗದೆ ರವೀಂದ್ರನಗರದ ದಾರಿ ಹಿಡಿಯಿತು.

ಶವಾಗಾರದ ಹಿಂದೆ ಒಂದು ಹೊಂಗೆಮರ, ಅದರ ಬುಡದಲ್ಲಿ ಒಂದು ಕಲ್ಲುಬೆಂಚು, ಗೋಡೆಗೆ ಒಂದು ನಲ್ಲಿ. ಹೆಣ ಒಳಗೆ ಹೋಯಿತು, ಚೀಲ ಬೆಂಚಿನ ಪಕ್ಕ ಇಳಿಯಿತು. ಜಲಜಮ್ಮ, ಸುಶ್ಮಿತಾ, ಯುವರಾಜ, ಭೂತಪ್ಪ ನಾಲ್ವರೂ ಹೊರಗೆ ಉಳಿದರು. ಟೀ ಮಾರುವವನೊಬ್ಬ ಫ್ಲಾಸ್ಕ್ ಹಿಡಿದು ಬಂದು ಯುವರಾಜನ ಮುಖ ನೋಡಿದ.

“ಏನಣ್ಣ, ಸಲೂನಲ್ಲಿ ಕರೆಂಟ್ ಹೋಯ್ತಾ?”

ಯಾರೂ ನಗಲಿಲ್ಲ. ಅವನು ಒಳಗಿನ ಬಾಗಿಲ ಕಡೆ ನೋಡಿ, ನಾಲ್ಕು ಟೀ ಬಗ್ಗಿಸಿ ಕೊಟ್ಟು, ದುಡ್ಡು ಕೇಳದೆ ಹೋದ. ಜಲಜಮ್ಮನ ಕೈಯಲ್ಲಿ ಟೀ ಆರಿತು.

ಯುವರಾಜನ ಫೋನು ಬಡಿದುಕೊಂಡಿತು. ಅವನು ಎದ್ದು ಗೋಡೆಯ ಹತ್ತಿರ ಹೋದ. “ಹೂಂ ಸಾರ್... ಇಲ್ಲ ಸಾರ್, ನಾನು ಹೇಳಿದ್ದಲ್ಲ, ಅಕ್ಕಂದೇ ಎಲ್ಲ... ಬರ್ತೀನಿ ಸಾರ್, ಖಂಡಿತ ಬರ್ತೀನಿ. ನನ್ನ ಹೆಸರು ತೆಗೀಬೇಡಿ.” ಬಂದು ಕುಳಿತು ಅಕ್ಕನ ಮುಖ ನೋಡದೆ ಅಂದ: “ಈಗ ಮಾಸ್ಕ್ ಕೊಡ್ತಾರಂತೆ. ಹಳೇ ಕಾಲ ಅಲ್ಲ.”

“ನಮಗೂ ಹಂಗೇ ಅಂದಿದ್ದ,” ಅಂದ ಭೂತಪ್ಪ. ಅಂದ ಮೇಲೆ, ಅನ್ನಬಾರದಾಗಿತ್ತು ಎನ್ನುವಂತೆ ನೆಲ ನೋಡಿದ.

ಬಿಸಿಲು ಬೆಂಚನ್ನು ದಾಟುವ ಹೊತ್ತಿಗೆ ಒಳಗಿನ ಕೆಲಸದಾಳು ಉಜ್ಜನಪ್ಪ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದ. ಮರದ ಕೆಳಗೆ ನಿಂತು ಬೀಡಿ ಹಚ್ಚಿದ.

“ಮೂರ್ತಪ್ಪನ ಕಡೆಯೋರು ನೀವೇನಾ? ಡಾಕ್ಟ್ರು ಬಂದು ಮಾತಾಡ್ತಾರೆ. ಚೂರು ತೆಗೆದು ಲ್ಯಾಬಿಗೆ ಕಳಿಸ್ತಾರೆ, ರಿಪೋರ್ಟ್ ಬರೋದು ನಿಧಾನ.” ಹೊಗೆ ಬಿಟ್ಟ. “ಏನು ಕೆಲಸ ಮಾಡ್ತಿದ್ರು? ಕಲ್ಲು ಕ್ವಾರಿನಾ?”

“ಕುಲುಮೆ ಇಟ್ಟಿಗೆ,” ಅಂದಳು ಸುಶ್ಮಿತಾ.

“ಅದಕ್ಕೇ ಮತ್ತೆ.”

“ಅದಕ್ಕೆ ಅಂದ್ರೆ?”

ಉಜ್ಜನಪ್ಪ ಜಲಜಮ್ಮನನ್ನು ನೋಡಿ ಅನುಮಾನಿಸಿದ. “ಬೇಡಮ್ಮ, ಡಾಕ್ಟ್ರೇ ಹೇಳ್ಲಿ.”

“ಹೇಳಪ್ಪ,” ಅಂದಳು ಜಲಜಮ್ಮ.

“ಲಂಗ್ಸು ಸ್ಪಾಂಜ್ ಥರ ಇರ್ತದೆ. ಚಾಕು ಇಟ್ರೆ ಸದ್ದಿಲ್ದೆ ಇಳೀತದೆ. ಇವ್ರದ್ದು ಕರಕರ ಅಂತು. ಮರಳು ಚೀಲ ಕುಯ್ದಂಗೆ. ಡಾಕ್ಟ್ರು ನಡುವೆ ಬ್ಲೇಡು ಬದಲಾಯ್ಸಿದ್ರು.” ಬೀಡಿಯ ಬೂದಿ ಕೊಡವಿದ. “ನಂಗೆ ಓದು ಬರಲ್ಲ, ರೋಗ ಯಾವ್ದು ಅಂತ ನಾನು ಹೇಳಂಗಿಲ್ಲ. ಆ ಸದ್ದು ಮಾತ್ರ ಬಾಗಿಲ ಹತ್ರ ನಿಂತಿದ್ದ ಪೊಲೀಸ್‌ಗೂ ಕೇಳಿಸ್ತು.”

ಅವನು ಬೀಡಿ ಆರಿಸಿ ಒಳಗೆ ಹೋದ.

ಭೂತಪ್ಪ ಉಸಿರು ಬಿಗಿ ಹಿಡಿದು ಕೂತಿದ್ದ. ಕು‌ತ್ತಿಗೆಯ ನರ ಉಬ್ಬಿತ್ತು, ಕಣ್ಣಲ್ಲಿ ನೀರು ಬಂದಿತ್ತು. ಇನ್ನು ತಡೆಯಲಾರದೆ ಎದ್ದು ಕಟ್ಟಡದ ಮೂಲೆ ತಿರುಗಿ ಮರೆಯಾದ. ಕೆಮ್ಮು ಮರೆಯಾಗಲಿಲ್ಲ. ಒಣ ಗೋಡೆಯನ್ನು ಯಾರೋ ಒಳಗಿನಿಂದ ಕೆರೆಯುತ್ತಿರುವಂತೆ ಅದು ಬರುತ್ತಲೇ ಇತ್ತು. ಯುವರಾಜ ಆ ಮೂಲೆಯನ್ನೇ ನೋಡಿದ. ಅಪ್ಪನ ಕೆಮ್ಮಿಗೂ ಚಿಕ್ಕಪ್ಪನ ಕೆಮ್ಮಿಗೂ ವ್ಯತ್ಯಾಸವಿಲ್ಲ ಎಂಬುದು ಅವನಿಗೆ ಹೊಸದಾಗಿ ಕೇಳಿಸಿದಂತಿತ್ತು.

ಜಲಜಮ್ಮ ಬೆಂಚಿನಿಂದ ಇಳಿದು ಸಿಮೆಂಟ್ ಚೀಲದ ಬಾಯಿ ಬಿಚ್ಚಿದಳು. ಕಂಬಳಿ ಸರಿಸಿ ಲೋಟ ತೆಗೆದಳು. ದಾರದ ಕೆಂಪು ಎಂದೋ ಹೋಗಿ ಮಣ್ಣಿನ ಬಣ್ಣ ಬಂದಿತ್ತು. ಅದನ್ನು ಬಿಚ್ಚಲಿಲ್ಲ. ನಲ್ಲಿಯಲ್ಲಿ ಲೋಟ ತೊಳೆಯಲೂ ಇಲ್ಲ. ತುಂಬಿಸಿದಳು. ಎತ್ತಿ ಸುರಿದುಕೊಳ್ಳದೆ, ಅಂಚಿಗೆ ತುಟಿ ಒತ್ತಿ, ಕೊನೆಯ ಹನಿಯವರೆಗೆ ಕುಡಿದಳು.

“ಅಮ್ಮ,” ಅಂದಳು ಸುಶ್ಮಿತಾ.

ಜಲಜಮ್ಮ ಮತ್ತೊಮ್ಮೆ ತುಂಬಿಸಿದಳು. ಬಂದು ಮಗನ ಮುಂದೆ ನಿಂತು, ಅದೇ ಲೋಟ ಚಾಚಿದಳು.

ಯುವರಾಜನ ಜೇಬಿನಲ್ಲಿ ಫೋನು ಮತ್ತೆ ಬಡಿದುಕೊಳ್ಳತೊಡಗಿತು. ಅವನು ಜೇಬಿನ ಕಡೆ ಕೈ ಒಯ್ದ. ಲೋಟ ಅವನ ಮುಖದ ಮುಂದೆ ಅಲ್ಲಾಡದೆ ನಿಂತಿತ್ತು. ಮೂಲೆಯ ಆಚೆ ಕೆಮ್ಮು ನಿಂತಿರಲಿಲ್ಲ. ಅವನು ಎರಡೂ ಕೈಯಲ್ಲಿ ಲೋಟ ಹಿಡಿದ. ಒದ್ದೆ ಅಂಚು ಮೊದಲು ಮೀಸೆಯಿಲ್ಲದ ಕಡೆಗೆ ತಾಗಿತು.

ಫೋನು ಬಡಿದು ಬಡಿದು ಸುಮ್ಮನಾಯಿತು. ಅವನು ಇನ್ನೂ ಕುಡಿಯುತ್ತಲೇ ಇದ್ದ.